ಗೋಕಾಕದ ‘ಕ’ ಗುಂಟೆಯಾದಾಗ

ಅಣ್ಣನ ಮೊಬೈಲಿನಲ್ಲಿ ಸಲೀಸಾಗಿ ಓಡುವ ಆಪ್ ತಮ್ಮನ ಮೊಬೈಲಿನಲ್ಲಿ ತೆರೆದ ಕೂಡಲೇ ಮುಚ್ಚಿಕೊಳ್ಳುತ್ತದೆ. ಕಚೇರಿಯ ಕಂಪ್ಯೂಟರಿನಲ್ಲಿ ಸರಿಯಾದ ಮೊತ್ತ ತೋರಿಸಿದ ಕಡತವೇ ಕೈಯಲ್ಲಿ ಹಿಡಿಯುವ ಸಣ್ಣ ಯಂತ್ರಕ್ಕೆ ಹೋದ ಮೇಲೆ ಎಲ್ಲೂ ಇಲ್ಲದ ಅಂಕಿ ತೋರಿಸುತ್ತದೆ. ರಿಪೇರಿ ಅಂಗಡಿಯವರು ‘ಸಾಫ್ಟ್‌ವೇರ್ ಪ್ರಾಬ್ಲಂ’ ಅನ್ನುತ್ತಾರೆ. ಸಾಫ್ಟ್‌ವೇರ್ ಬರೆದವರು ‘ನಮ್ಮಲ್ಲಿ ಸರಿಯಾಗಿಯೇ ನಡೀತಿದೆಯಲ್ಲ’ ಅನ್ನುತ್ತಾರೆ. ಇಬ್ಬರ ಮಾತೂ ನಿಜ.

ಇಂಥ ತೊಂದರೆಗೆ ಕಾರಣಗಳು ಹಲವು. ಹಳೆಯ ಆವೃತ್ತಿ, ಜಾಗದ ಕೊರತೆ, ಅರ್ಧಕ್ಕೆ ನಿಂತ ಡೌನ್‌ಲೋಡ್ ಇತ್ಯಾದಿ ಎಲ್ಲರಿಗೂ ಗೊತ್ತು. ಆದರೆ ಒಂದು ಕಾರಣ ತೀರ ಆಳದಲ್ಲಿ, ಪ್ರೊಸೆಸರ್ ಚಿಪ್ಪು ಮೆಮೊರಿಯನ್ನು ಮುಟ್ಟುವ ಜಾಗದಲ್ಲೇ ಕೂತಿದೆ. ಕಂಪ್ಯೂಟರ್ ಓದಿದ ಹುಡುಗರಿಗೂ ಅದನ್ನು ಯಾರೂ ಬಿಡಿಸಿ ಹೇಳಿರುವುದಿಲ್ಲ. ತಿಳಿದುಕೊಳ್ಳಲು ಬೇಕಾಗಿರುವುದು ಬೆಳಗಾವಿ ಜಿಲ್ಲೆಯ ಮೂರು ಊರುಗಳ ಹೆಸರು, ಜೊತೆಗೆ ನಾಲ್ಕರಿಂದ ಭಾಗಿಸಿ ಶೇಷ ಹೇಳುವ ಪ್ರಾಥಮಿಕ ಶಾಲೆಯ ಗಣಿತ, ಅಷ್ಟೇ.

ಮೂರು ಊರು, ಮೂರು ಉದ್ದ

ಕಂಪ್ಯೂಟರಿನ ಮೆಮೊರಿ ಅಂದರೆ ಬೈಟ್‌ಗಳ ಉದ್ದನೆಯ ಸಾಲು. ಪ್ರತಿ ಬೈಟಿಗೂ ಒಂದು ನಂಬರು ಇರುತ್ತದೆ. ಎಣಿಕೆ 0ಯಿಂದ ಶುರು. ಆ ನಂಬರೇ ಅದರ ವಿಳಾಸ. ಒಂದು ಬೈಟಿನಲ್ಲಿ 0ಯಿಂದ 255ರವರೆಗಿನ ಯಾವುದಾದರೂ ಒಂದು ಸಂಖ್ಯೆ ಹಿಡಿಯುತ್ತದೆ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಅಷ್ಟು ಸಾಕು.

ಜಗತ್ತಿನ ಎಲ್ಲ ಲಿಪಿಗಳಿಗೂ ಒಂದೇ ಪಟ್ಟಿಯಲ್ಲಿ ಸ್ಥಾನ ಕೊಡುವ ಯೂನಿಕೋಡ್ 1991ರಲ್ಲಿ ಬಂದಾಗ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೂ ಜಾಗ ಸಿಕ್ಕಿತು. ಆ ಪಟ್ಟಿಯ ಸಂಖ್ಯೆಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಎಂಬ ವಿಧಾನವನ್ನು 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ರೂಪಿಸಿದರು. ಇಂದು ನಾವು ಮೊಬೈಲಿನಲ್ಲಿ ಓದುವ ಕನ್ನಡದ ವೆಬ್ ಪುಟಗಳು ಬಹುಪಾಲು ಇದೇ ರೂಪದಲ್ಲಿ ಓಡಾಡುತ್ತವೆ. ಈ ವಿಧಾನದಲ್ಲಿ ಕನ್ನಡದ ಪ್ರತಿ ಗುರುತಿಗೂ 3 ಬೈಟ್ ಬೇಕು. ಗುರುತು ಅಂದರೆ ಮೂಲ ಅಕ್ಷರ ಒಂದು, ಅದಕ್ಕೆ ಅಂಟುವ ಸ್ವರಚಿಹ್ನೆ ಇನ್ನೊಂದು, ಒತ್ತಕ್ಷರ ಮಾಡಲು ನಡುವೆ ಬರುವ ಅರ್ಧಾಕ್ಷರದ ಚಿಹ್ನೆ ಮತ್ತೊಂದು. ಎಲ್ಲಕ್ಕೂ ಮೂರು ಮೂರು.

ಈಗ ಎಣಿಸೋಣ. ‘ಗೋಕಾಕ’ದಲ್ಲಿ ಗ, ಓಕಾರದ ಚಿಹ್ನೆ, ಕ, ದೀರ್ಘದ ಚಿಹ್ನೆ, ಕ ಎಂದು 5 ಗುರುತು, 15 ಬೈಟ್. ‘ಮೂಡಲಗಿ’ಯಲ್ಲಿ ಮ, ಊಕಾರ, ಡ, ಲ, ಗ, ಇಕಾರ ಎಂದು 6; 18 ಬೈಟ್. ‘ಹುಕ್ಕೇರಿ’ಯಲ್ಲಿ ಹ, ಉಕಾರ, ಕ, ಅರ್ಧಾಕ್ಷರದ ಚಿಹ್ನೆ, ಮತ್ತೆ ಕ, ಏಕಾರ, ರ, ಇಕಾರ ಎಂದು 8, ಒಟ್ಟು 24 ಬೈಟ್. ಬೆಂಗಳೂರಿನ ಪತ್ರಿಕೆಗಳ ಹಾಗೆ ಕೊನೆಯ ‘ಕ’ವನ್ನು ಅರ್ಧ ಮಾಡಿ ‘ಗೋಕಾಕ್’ ಎಂದು ಬರೆದರೆ ಒಂದು ಗುರುತು ಹೆಚ್ಚಿ ಅದೂ 18 ಆಗುತ್ತದೆ. ಕಾಗುಣಿತದ ಈ ಸಣ್ಣ ವ್ಯತ್ಯಾಸವೂ ಮುಂದೆ ಲೆಕ್ಕಕ್ಕೆ ಬರುತ್ತದೆ.

ಹೆಸರಿನ ಬೆನ್ನಿಗೇ, ನಡುವೆ ಏನೂ ಬಿಡದೆ, ಒಬ್ಬ ರೈತರ ಜಮೀನು ಎಷ್ಟು ಗುಂಟೆ ಎಂಬ ಸಂಖ್ಯೆಯನ್ನು 4 ಬೈಟ್‌ಗಳಲ್ಲಿ ಬರೆದಿಟ್ಟಿದೆ ಎಂದುಕೊಳ್ಳಿ. ಒಂದೂವರೆ ಎಕರೆ, ಅಂದರೆ 60 ಗುಂಟೆ. ಇದು ವಿವರಿಸುವ ಸಲುವಾಗಿ ನಾನು ಕಟ್ಟಿದ ಕಡತ; ಯಾವ ಸರಕಾರಿ ದಾಖಲೆಯ ರಚನೆಯೂ ಅಲ್ಲ. ಆದರೂ ಜಮೀನನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಬೆಳಗಾವಿ ಕಡೆ ‘ಉತಾರ’ ಎನ್ನುವ ಪಹಣಿ ಪತ್ರಿಕೆ ರೈತನ ಪಾಲಿಗೆ ಎಂಥ ಕಾಗದ ಎಂಬುದು ಸಾಲಕ್ಕೆ ಬ್ಯಾಂಕಿನ ಮುಂದೆ ನಿಂತವರಿಗೆ ಗೊತ್ತು. ಈ ಶತಮಾನದ ಆರಂಭದಲ್ಲಿ ಕರ್ನಾಟಕದ ‘ಭೂಮಿ’ ಯೋಜನೆ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಅಂಥ ಕಾಗದದಲ್ಲಿ ಒಂದು ಅಂಕಿ ತಪ್ಪಿದರೂ ಅದನ್ನು ತಿದ್ದಿಸಲು ಅಲೆಯುವವನು ರೈತ.

ಗೋಕಾಕದ ದಾಖಲೆಯಲ್ಲಿ ಹೆಸರು 0ಯಿಂದ 14ರವರೆಗೆ ಕೂತು, ಗುಂಟೆಯ ಸಂಖ್ಯೆ 15ನೇ ವಿಳಾಸದಿಂದ ಶುರುವಾಗುತ್ತದೆ. ಮೂಡಲಗಿಯದು 18ರಿಂದ. ಹುಕ್ಕೇರಿಯದು 24ರಿಂದ. ಈ ಮೂರನ್ನು ನಾಲ್ಕರಿಂದ ಭಾಗಿಸಿ. 15ಕ್ಕೆ ಶೇಷ 3, 18ಕ್ಕೆ ಶೇಷ 2, 24ಕ್ಕೆ ಶೇಷ ಸೊನ್ನೆ. ಹುಕ್ಕೇರಿ ಬಚಾವಾಯಿತು. ಗೋಕಾಕ, ಮೂಡಲಗಿ ಸಿಕ್ಕಿಬಿದ್ದವು. ಹೇಗೆಂದು ನೋಡಲು ಒಂದು ಕಿರಾಣಿ ಅಂಗಡಿಗೆ ಹೋಗಬೇಕು.

ನಾಲ್ಕು ಖಾನೆಯ ಡ್ರಾವರ್

ಹಳೆಯ ಕಿರಾಣಿ ಅಂಗಡಿಯ ಗೋಡೆಗೆ ಸಾಲಾಗಿ ಡ್ರಾವರುಗಳು. ಪ್ರತಿ ಡ್ರಾವರಿನಲ್ಲಿ ನಾಲ್ಕು ಖಾನೆ. ಮೊದಲ ಡ್ರಾವರಿನಲ್ಲಿ 0, 1, 2, 3 ನಂಬರಿನ ಖಾನೆಗಳು; ಎರಡನೆಯದರಲ್ಲಿ 4, 5, 6, 7; ಹೀಗೆ ಮುಂದಕ್ಕೆ. ಅಂಗಡಿಯವರು ಒಂದು ಸಲಕ್ಕೆ ಒಂದೇ ಡ್ರಾವರ್ ಎಳೆಯಬಲ್ಲರು. ಎಳೆದರೆ ನಾಲ್ಕೂ ಖಾನೆ ಒಟ್ಟಿಗೆ ಹೊರಗೆ ಬರುತ್ತವೆ.

‘24ರಿಂದ ನಾಲ್ಕು ಖಾನೆಯ ಸಾಮಾನು ಕೊಡಿ’ ಎಂದರೆ ಒಂದೇ ಎಳೆತ. 24, 25, 26, 27 ಒಂದೇ ಡ್ರಾವರಿನಲ್ಲಿವೆ. ‘15ರಿಂದ ನಾಲ್ಕು’ ಎಂದರೆ ಕಷ್ಟ. 15ನೆಯದು ಒಂದು ಡ್ರಾವರಿನ ಕೊನೆಯ ಖಾನೆ. 16, 17, 18 ಮುಂದಿನ ಡ್ರಾವರಿನಲ್ಲಿವೆ. ಎರಡು ಸಲ ಎಳೆದು, ಮೊದಲನೆಯದರಿಂದ ಒಂದು, ಎರಡನೆಯದರಿಂದ ಮೂರು ತೆಗೆದು, ಸರಿಯಾದ ಕ್ರಮದಲ್ಲಿ ಜೋಡಿಸಿ ಕೊಡಬೇಕು.

ಪ್ರೊಸೆಸರಿಗೂ ಮೆಮೊರಿಗೂ ನಡುವೆ ನಡೆಯುವುದು ಇದೇ ವ್ಯವಹಾರ. ಚಿಪ್ಪಿನಿಂದ ಮೆಮೊರಿಗೆ ಹೋಗುವ ತಂತಿಗಳು ಒಂದು ಸಲಕ್ಕೆ ಒಂದಿಡೀ ಕಟ್ಟು ಬೈಟ್‌ಗಳನ್ನು ತರುವಂತೆ ಜೋಡಣೆಯಾಗಿರುತ್ತವೆ. 4 ಬೈಟಿನ ಸಂಖ್ಯೆಯ ವಿಳಾಸ ನಾಲ್ಕರಿಂದ ಭಾಗವಾದರೆ ಅದು ಡ್ರಾವರಿನ ಗಡಿಯಿಂದಲೇ ಶುರುವಾಗುತ್ತದೆ, ಕೆಲಸ ಸುಲಭ. ಭಾಗವಾಗದಿದ್ದರೆ ಸಂಖ್ಯೆ ಗಡಿಯ ಆಚೀಚೆ ಹರಡಿರುತ್ತದೆ. ಎಂಜಿನಿಯರುಗಳು ಮಿಸ್‌ಅಲೈನ್ಡ್ ಆ್ಯಕ್ಸೆಸ್ ಎನ್ನುವ ಇದನ್ನು ನಾವು ‘ಗಡಿದಾಟು ಓದು’ ಎನ್ನೋಣ.

ಕನ್ನಡದ ಪದವೊಂದು ಈ ಗಡಿಗೆ ಸರಿಯಾಗಿ ಮುಗಿಯಬೇಕಾದರೆ ಅದರ ಗುರುತುಗಳ ಎಣಿಕೆ ನಾಲ್ಕರಿಂದ ಭಾಗವಾಗಬೇಕು. ಇಂಗ್ಲಿಷಿಗೂ ಇದೇ ನಿಯಮ. ಆದರೆ ಪ್ರೋಗ್ರಾಂ ಬರೆಯುವವರು ಪರೀಕ್ಷೆಗೆಂದು ಸಾಮಾನ್ಯವಾಗಿ ಹಾಕುವ ಹೆಸರು ‘ಟೆಸ್ಟ್’. ಇಂಗ್ಲಿಷಿನಲ್ಲಿ ನಾಲ್ಕೇ ಅಕ್ಷರ, ನಾಲ್ಕೇ ಬೈಟ್. ಅದು ಯಾವಾಗಲೂ ಪಾಸಾಗುತ್ತದೆ. ಹಾಗಾಗಿ ಈ ತಪ್ಪು ಪರೀಕ್ಷೆಯಲ್ಲಿ ಸಿಗದೆ ಗೋಕಾಕದ ತನಕ ಸಾಗಿಬರಲು ದಾರಿ ಇದೆ.

ಸದ್ದಿಲ್ಲದೆ ತಪ್ಪು ಹೇಳುವ ಚಿಪ್

ಗಡಿ ದಾಟುವ ಬೇಡಿಕೆ ಬಂದಾಗ ಚಿಪ್ ಏನು ಮಾಡಬೇಕು? ಇದಕ್ಕೆ ಜಗತ್ತಿನ ಚಿಪ್ ತಯಾರಕರು ಒಂದೇ ಉತ್ತರ ಕೊಡಲಿಲ್ಲ. ಕೊಟ್ಟ ಉತ್ತರಗಳಲ್ಲಿ ನನಗೆ ಎಲ್ಲಕ್ಕಿಂತ ಅಪಾಯಕಾರಿ ಎನ್ನಿಸುವುದು ಕರ್ನಾಟಕದ ಹೆಮ್ಮೆಯ ಯಂತ್ರವೊಂದರೊಳಗೇ ಇತ್ತು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ವಿ. ವಿನಯ್, ರಮೇಶ್ ಹರಿಹರನ್ ಮತ್ತು ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯವರು ಸೇರಿ ರೂಪಿಸಿದ ‘ಸಿಂಪ್ಯೂಟರ್’ 2001ರಲ್ಲಿ ಜನರ ಮುಂದೆ ಬಂತು. ಅಂಗೈಯಲ್ಲಿ ಹಿಡಿಯುವ ಕಂಪ್ಯೂಟರ್ ಅದು. ಸ್ಮಾರ್ಟ್‌ಫೋನ್ ಎಂಬುದು ನಮ್ಮ ಹಳ್ಳಿಗಳಲ್ಲಿ ಯಾರ ಕೈಯಲ್ಲೂ ಇಲ್ಲದ ಕಾಲದಲ್ಲಿ, ಓದು ಬರದವರೂ ಬಳಸುವಂತಿರಬೇಕು, ನಮ್ಮ ಭಾಷೆಗಳಲ್ಲಿ ಮಾತಾಡಬೇಕು ಎಂಬ ಆಸೆಯಿಂದ ಕಟ್ಟಿದ ಯಂತ್ರ. 2004ರಲ್ಲಿ ಪಿಕೋಪೀಟಾ ಕಂಪನಿಯ ‘ಅಮಿಡಾ ಸಿಂಪ್ಯೂಟರ್’ ಮಾರುಕಟ್ಟೆಗೆ ಬಂತು. ತಯಾರಿಸಿದ್ದು ಭಾರತ್ ಎಲೆಕ್ಟ್ರಾನಿಕ್ಸ್. ಕರ್ನಾಟಕ ಸರಕಾರ ಜಮೀನಿನ ದಾಖಲೆಗಳ ಕೆಲಸಕ್ಕೂ ಇದನ್ನು ಬಳಸಿತು. ವ್ಯಾಪಾರದಲ್ಲಿ ಅದು ನಿಲ್ಲಲಿಲ್ಲ. ಆದರೆ ಅದರ ಹಿಂದಿನ ಯೋಚನೆ ಎಷ್ಟು ಮುಂದಾಗಿತ್ತು ಎಂಬುದನ್ನು ಇವತ್ತು ಪ್ರತಿಯೊಬ್ಬರ ಜೇಬಿನಲ್ಲಿ ನೋಡಬಹುದು.

ಸಿಂಪ್ಯೂಟರಿನ ಒಳಗಿದ್ದದ್ದು ಇಂಟೆಲ್ ಕಂಪನಿಯ ಸ್ಟ್ರಾಂಗ್‌ಆರ್ಮ್ ಚಿಪ್, ಜೊತೆಗೆ ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆ (ಆಪರೇಟಿಂಗ್ ಸಿಸ್ಟಂ). ಕಚೇರಿಯ ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಇದ್ದದ್ದೂ ಇಂಟೆಲ್ ಕಂಪನಿಯ ಚಿಪ್ಪೇ ಇರಬಹುದು, ಅಲ್ಲೂ ಲಿನಕ್ಸ್ ಇರಬಹುದು. ಆದರೆ ಎರಡರ ಮೂಲ ವಿನ್ಯಾಸ ಬೇರೆ. ಸ್ಟ್ರಾಂಗ್‌ಆರ್ಮ್ ಬಂದದ್ದು ಬ್ರಿಟನ್ನಿನ ಆರ್ಮ್ ಕುಟುಂಬದಿಂದ. ಆ ಕಾಲದ ಆರ್ಮ್ ಚಿಪ್ಪಿಗೆ ‘15ರಿಂದ ನಾಲ್ಕು ಬೈಟ್ ತಾ’ ಎಂದರೆ ಅದು ಎರಡನೆಯ ಡ್ರಾವರನ್ನು ಮುಟ್ಟುತ್ತಲೇ ಇರಲಿಲ್ಲ. 15 ಇರುವ ಡ್ರಾವರನ್ನು ಮಾತ್ರ ಎಳೆದು, ಅದರೊಳಗಿನ 12, 13, 14, 15 ಬೈಟ್‌ಗಳನ್ನು ಸುತ್ತಿಸಿ, ಕೇಳಿದ 15ನೆಯದು ಮೊದಲು ಬರುವಂತೆ ಮಾಡಿ ಕೊಟ್ಟುಬಿಡುತ್ತಿತ್ತು. ಅಂದರೆ 15, 12, 13, 14. ದೂರು ಹೇಳುತ್ತಿರಲಿಲ್ಲ, ಕೆಲಸ ನಿಲ್ಲಿಸುತ್ತಲೂ ಇರಲಿಲ್ಲ.

ನಮ್ಮ ಕಡತದಲ್ಲಿ 15ನೇ ಬೈಟ್ 60. ಸರಿ. ಆದರೆ 12, 13, 14ರಲ್ಲಿ ಕೂತಿರುವುದು ಗೋಕಾಕದ ಕೊನೆಯ ‘ಕ’! ಅದರ ಮೂರು ಬೈಟ್‌ಗಳು 224, 178, 149. ಈ ಚಿಪ್ಪುಗಳು ಸಂಖ್ಯೆ ಓದುವಾಗ ಮೊದಲ ಬೈಟಿಗೆ ಬಿಡಿಯ ಸ್ಥಾನ, ಎರಡನೆಯದಕ್ಕೆ 256ರ ಸ್ಥಾನ, ಮೂರನೆಯದಕ್ಕೆ 65,536ರ ಸ್ಥಾನ, ನಾಲ್ಕನೆಯದಕ್ಕೆ 1,67,77,216ರ ಸ್ಥಾನ ಕೊಡುತ್ತವೆ. ಗುಣಿಸಿ ಕೂಡಿದರೆ ಬರುವ ಮೊತ್ತ 2,51,15,27,996.

ಅರವತ್ತು ಗುಂಟೆ ಇನ್ನೂರ ಐವತ್ತೊಂದು ಕೋಟಿ ಗುಂಟೆಯಾಯಿತು. ಎಕರೆಯಲ್ಲಿ ಹೇಳಿದರೆ 6 ಕೋಟಿ 27 ಲಕ್ಷ. ಇಡೀ ಕರ್ನಾಟಕದ ವಿಸ್ತೀರ್ಣ 1,91,791 ಚದರ ಕಿಲೋಮೀಟರ್, ಸುಮಾರು 4 ಕೋಟಿ 74 ಲಕ್ಷ ಎಕರೆ. ಒಂದೂವರೆ ಎಕರೆಯ ರೈತನ ಹೊಲ ರಾಜ್ಯಕ್ಕಿಂತ ದೊಡ್ಡದಾಗಿಬಿಟ್ಟಿತು.

ಮೂಡಲಗಿಯಲ್ಲಿ ಇನ್ನೊಂದು ಬಗೆ. 18ನೇ ಬೈಟ್ ಇರುವ ಡ್ರಾವರಿನಲ್ಲಿ ಮೊದಲ ಎರಡು ಖಾನೆಗಳು ಇಕಾರದ ಚಿಹ್ನೆಯ ಬಾಲ; ಉಳಿದೆರಡು ಗುಂಟೆಯ ಅರ್ಧ. ಸುತ್ತಿಸಿ ಓದಿದರೆ 321 ಕೋಟಿಗೂ ಮೇಲೆ. ಹುಕ್ಕೇರಿಯ ರೈತರಿಗೆ ಮಾತ್ರ ಸರಿಯಾಗಿ 60. ಈ ಕಡತವನ್ನು ಹುಕ್ಕೇರಿಯಲ್ಲಿ ಪರೀಕ್ಷಿಸಿದವರು ‘ಎಲ್ಲ ಸರಿ ಇದೆ’ ಎಂದು ಬರೆದುಕೊಡುತ್ತಾರೆ, ಪ್ರಾಮಾಣಿಕವಾಗಿಯೇ. ಆದರೆ ಹುಕ್ಕೇರಿಯ ಅದೃಷ್ಟವೂ ಗಟ್ಟಿಯಲ್ಲ. ಮೂರೂ ದಾಖಲೆಗಳನ್ನು ಒಂದರ ಹಿಂದೆ ಒಂದು ಒತ್ತಾಗಿ ಜೋಡಿಸಿದರೆ ಗುಂಟೆಗಳು ಬಂದು ಕೂರುವುದು 15, 37 ಮತ್ತು 65ನೇ ವಿಳಾಸಗಳಲ್ಲಿ. ನಾಲ್ಕರಿಂದ ಒಂದೂ ಭಾಗವಾಗುವುದಿಲ್ಲ.

ಆರ್ಮ್ ಚಿಪ್ಪುಗಳಿಗೆ ಬರೆದ ಲಿನಕ್ಸ್‌ನಲ್ಲಿ ಇದಕ್ಕೊಂದು ಹಿಡಿಕೆ ಇತ್ತು. ಗಡಿದಾಟು ಓದು ಕಂಡರೆ ಸುಮ್ಮನಿರಬೇಕೇ, ದಾಖಲಿಸಿ ಎಚ್ಚರಿಸಬೇಕೇ, ತಾನೇ ಸರಿಯಾದ ಬೈಟ್‌ಗಳನ್ನು ತಂದು ಸರಿಪಡಿಸಬೇಕೇ, ಅಥವಾ ಆ ಪ್ರೋಗ್ರಾಮನ್ನು ಅಲ್ಲೇ ನಿಲ್ಲಿಸಬೇಕೇ ಎಂದು ಬಳಸುವವರು ಹೇಳಬಹುದಿತ್ತು. ಸಾಮಾನ್ಯ ಪ್ರೋಗ್ರಾಮುಗಳ ಮಟ್ಟಿಗೆ ಯಾರೂ ಏನೂ ಹೇಳದಿದ್ದರೆ ಅದು ಸುಮ್ಮನಿರುತ್ತಿತ್ತು. ಮೇಜಿನ ಕಂಪ್ಯೂಟರಿನಿಂದ ಅಂಗೈ ಯಂತ್ರಕ್ಕೆ ಸಾಫ್ಟ್‌ವೇರ್ ಒಯ್ಯುವ ಪ್ರತಿಯೊಬ್ಬರೂ ಎದುರಿಸಬೇಕಾಗಿದ್ದ ಸ್ಥಿತಿ ಇದು.

ಒಂದೊಂದು ಚಿಪ್ಪಿಗೆ ಒಂದೊಂದು ನಡತೆ

ಉಳಿದವರ ಉತ್ತರಗಳನ್ನು ನೋಡಿದರೆ ಸುಮಾರು 60 ವರ್ಷಗಳ ಕಂಪ್ಯೂಟರ್ ಚರಿತ್ರೆಯೇ ಕಣ್ಣ ಮುಂದೆ ಬರುತ್ತದೆ. 1964ರ ಐಬಿಎಂ ಸಿಸ್ಟಂ/360 ಗಡಿ ತಪ್ಪಿದ ವಿಳಾಸವನ್ನು ಒಪ್ಪುತ್ತಿರಲಿಲ್ಲ. 1970ರ ಸಿಸ್ಟಂ/370 ಬಹುತೇಕ ಕಡೆ ಒಪ್ಪಿತು. 1978ರ ಇಂಟೆಲ್ 8086 ಮೊದಲಿನಿಂದಲೂ ಧಾರಾಳಿ. ಬೆಸ ವಿಳಾಸದಿಂದ ಎರಡು ಬೈಟ್ ಕೇಳಿದರೆ ಎರಡು ಡ್ರಾವರ್ ಎಳೆದು ಕೊಡುತ್ತಿತ್ತು, ಅದಕ್ಕೆ 4 ಗಡಿಯಾರ ಬಡಿತ ಹೆಚ್ಚು ತೆಗೆದುಕೊಳ್ಳುತ್ತಿತ್ತು. ಮರುವರ್ಷ ಬಂದ ಮೊಟೊರೊಲಾ 68000 ಇದಕ್ಕೆ ತದ್ವಿರುದ್ಧ: ಬೆಸ ವಿಳಾಸ ಕಂಡ ಕೂಡಲೇ ಕೆಲಸ ನಿಲ್ಲಿಸಿ ‘ವಿಳಾಸ ದೋಷ’ ಎನ್ನುತ್ತಿತ್ತು. ಅದೇ ಚಿಪ್ಪಿದ್ದ ಮೊದಲ ಮ್ಯಾಕಿಂಟಾಷ್‌ಗಳಲ್ಲಿ ಬಾಂಬಿನ ಚಿತ್ರ ತೋರಿಸಿ ನಿಂತುಬಿಡುತ್ತಿದ್ದ ಪರದೆಗೆ ಇದೂ ಒಂದು ಕಾರಣ. ಸನ್ ಕಂಪನಿಯ ಸ್ಪಾರ್ಕ್ ಚಿಪ್ಪೂ ಅಷ್ಟೇ ಕಟ್ಟುನಿಟ್ಟು. ಅದರ ಮೇಲೆ ಯೂನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆ ಬಳಸಿದವರು, ಗಡಿ ತಪ್ಪಿದಾಗ ಬರುತ್ತಿದ್ದ ‘ಬಸ್ ಎರರ್’ ಎಂಬ ಎರಡು ಪದಗಳನ್ನು ಮರೆಯಲಾರರು.

ಕಟ್ಟುನಿಟ್ಟಿನ ಹಿಂದೆ ತರ್ಕವಿತ್ತು. ಎರಡು ಡ್ರಾವರ್ ಎಳೆದು ಜೋಡಿಸುವ ಸರ್ಕ್ಯೂಟಿಗೆ ಚಿಪ್ಪಿನಲ್ಲಿ ಜಾಗ ಬೇಕು. ನಡುವೆ ಏನಾದರೂ ಕೈಕೊಟ್ಟರೆ ಅರ್ಧ ಓದಿದ ಸ್ಥಿತಿಯಿಂದ ಹಿಂದೆ ಬರುವ ವ್ಯವಸ್ಥೆಯೂ ಬೇಕು. 1980ರ ದಶಕದಲ್ಲಿ ಸರಳ ಚಿಪ್ಪೇ ವೇಗದ ಚಿಪ್ ಎಂದು ನಂಬಿದ ರಿಸ್ಕ್ ಪಂಥದವರು ಈ ಹೊರೆಯನ್ನು ಸಾಫ್ಟ್‌ವೇರಿನ ಹೆಗಲಿಗೆ ದಾಟಿಸಿದರು. ಅದೇ ಪಂಥದ ಮಿಪ್ಸ್ ಕಂಪನಿ ಮಾತ್ರ ನಡುದಾರಿ ಹಿಡಿಯಿತು: ಎಡಡ್ರಾವರಿನ ಭಾಗ ತರಲು ಒಂದು ಆಜ್ಞೆ, ಬಲಡ್ರಾವರಿನ ಭಾಗ ತರಲು ಇನ್ನೊಂದು. ಆ ಉಪಾಯಕ್ಕೆ 1986ರಲ್ಲಿ ಪೇಟೆಂಟಿಗೂ ಅರ್ಜಿ ಹಾಕಿತು. ಮುಂದೆ ಲೆಕ್ಸ್ರಾ ಎಂಬ ಸಣ್ಣ ಕಂಪನಿ ಮಿಪ್ಸ್‌ಗೆ ಹೊಂದುವ ಚಿಪ್ ವಿನ್ಯಾಸ ಮಾಡುವಾಗ ಈ ಆಜ್ಞೆಗಳನ್ನು ಬೇಕೆಂದೇ ಕೈಬಿಟ್ಟಿತು. ಆದರೂ ಅವನ್ನು ಸಾಫ್ಟ್‌ವೇರಿನಲ್ಲಿ ಅನುಕರಿಸಿದರೂ ಪೇಟೆಂಟ್ ಉಲ್ಲಂಘನೆಯೇ ಎಂದು ಮಿಪ್ಸ್ ಕೋರ್ಟಿಗೆ ಹೋಯಿತು. ವ್ಯಾಜ್ಯ 2001ರಲ್ಲಿ ರಾಜಿಯಲ್ಲಿ ಮುಗಿಯಿತು, ಲೆಕ್ಸ್ರಾ ಹೆಚ್ಚು ಕಾಲ ಉಳಿಯಲಿಲ್ಲ. ನಾಲ್ಕು ಬೈಟ್‌ಗಳನ್ನು ಗಡಿ ದಾಟಿ ಓದುವ ವಿಚಾರಕ್ಕೆ ಕಂಪನಿಗಳ ಹಣೆಬರಹ ಬದಲಾದದ್ದೂ ಉಂಟು.

ಡಿಜಿಟಲ್ ಕಂಪನಿಯ 1992ರ ಆಲ್ಫಾ ಚಿಪ್ ಇನ್ನೂ ಮುಂದೆ ಹೋಗಿ ಒಂದೇ ಒಂದು ಬೈಟನ್ನು ನೇರವಾಗಿ ಓದುವ ಆಜ್ಞೆಯನ್ನೂ ಇಟ್ಟಿರಲಿಲ್ಲ. ಅದರ ಮೇಲೆ ಗಡಿದಾಟು ಓದು ನಡೆದರೆ ಚಿಪ್ ಕಾರ್ಯಾಚರಣ ವ್ಯವಸ್ಥೆಯನ್ನು ಕರೆಯುತ್ತಿತ್ತು. ಅದು ಬಂದು ಸರಿಪಡಿಸಿ, ಯಾವ ಪ್ರೋಗ್ರಾಂ ಎಲ್ಲಿ ತಪ್ಪಿತು ಎಂದು ಪರದೆಯ ಮೇಲೆ ಬರೆದು ಹೋಗುತ್ತಿತ್ತು. ಒಂದು ಓದಿಗೆ ನೂರಾರು ಆಜ್ಞೆಗಳ ಖರ್ಚು. ಉತ್ತರ ಸರಿಯಾಗಿರುತ್ತದೆ, ಕೆಲಸ ಮಾತ್ರ ತೆವಳುತ್ತದೆ.

ಆರ್ಮ್ ತನ್ನ ಹಳೆಯ ದಾರಿಯನ್ನು ಆರನೆಯ ಆವೃತ್ತಿಯ ವಿನ್ಯಾಸದಲ್ಲಿ ತಿದ್ದಿಕೊಂಡಿತು. ಹಾಗಾಗಿ ಇಂದಿನ ಆಂಡ್ರಾಯ್ಡ್ ಫೋನುಗಳಲ್ಲಿರುವ ಆರ್ಮ್ ಚಿಪ್ಪುಗಳು ಸಾಮಾನ್ಯ ಮೆಮೊರಿಯಲ್ಲಿ ಗಡಿದಾಟು ಓದನ್ನು ಸರಿಯಾಗಿಯೇ ಮಾಡುತ್ತವೆ. ಹಾಗೆಂದು ಆರ್ಮ್ ಕುಟುಂಬ ಪೂರ್ತಿ ಹಾಗೆ ಎಂದುಕೊಳ್ಳಬೇಡಿ. ಅದರ ಅತಿ ಸಣ್ಣ ತಮ್ಮ, ಅಗ್ಗದ ಉಪಕರಣಗಳಿಗೆಂದೇ ಮಾಡಿದ ಕಾರ್ಟೆಕ್ಸ್-ಎಂ0, ಗಡಿ ತಪ್ಪಿದ ಕೂಡಲೇ ಕೆಲಸ ನಿಲ್ಲಿಸುತ್ತದೆ. ಅದೇ ಕುಟುಂಬದ ಎಂ3 ಒಂಟಿ ಓದನ್ನು ಒಪ್ಪುತ್ತದೆ, ಹಲವು ಸಂಖ್ಯೆಗಳನ್ನು ಒಟ್ಟಿಗೆ ಓದುವ ಆಜ್ಞೆಯಲ್ಲಿ ಒಪ್ಪುವುದಿಲ್ಲ. ಮದ್ರಾಸ್ ಐಐಟಿಯ ‘ಶಕ್ತಿ’ ಚಿಪ್ಪುಗಳಿಗೆ ಆಧಾರವಾದ ರಿಸ್ಕ್-ಫೈವ್ ವಿನ್ಯಾಸ ಈ ಪ್ರಶ್ನೆಯನ್ನು ಚಿಪ್ ತಯಾರಕರಿಗೇ ಬಿಟ್ಟಿದೆ. ಒಬ್ಬರು ಸರ್ಕ್ಯೂಟಿನಲ್ಲೇ ಮಾಡಬಹುದು, ಇನ್ನೊಬ್ಬರು ಸಾಫ್ಟ್‌ವೇರಿಗೆ ವಹಿಸಬಹುದು. ಹಾಗಾಗಿ ‘ಈ ಯಂತ್ರದಲ್ಲಿ ಗಡಿದಾಟು ಓದು ವೇಗವೋ, ನಿಧಾನವೋ’ ಎಂದು ಪ್ರೋಗ್ರಾಂ ಕೇಳಿ ತಿಳಿದುಕೊಳ್ಳಲು ಲಿನಕ್ಸ್‌ನಲ್ಲಿ ಈಗ ಒಂದು ದಾರಿಯನ್ನೇ ಮಾಡಿಟ್ಟಿದ್ದಾರೆ.

ಧಾರಾಳಿ ಚಿಪ್ಪಿನ ಮಿತಿ

‘ನಮ್ಮದು ಇಂಟೆಲ್ ಕಂಪ್ಯೂಟರ್, ನಮಗೆ ಈ ತಾಪತ್ರಯವಿಲ್ಲ’ ಎನ್ನುವವರಿಗೆ ಎರಡು ಮಾತು. ಇಂದಿನ ಇಂಟೆಲ್ ಚಿಪ್ಪುಗಳ ಡ್ರಾವರ್ ನಾಲ್ಕು ಖಾನೆಯದಲ್ಲ, 64 ಖಾನೆಯದು. ಅದರೊಳಗೆ ಎಲ್ಲಿಂದ ಓದಿದರೂ ಹೆಚ್ಚಿನ ಖರ್ಚಿಲ್ಲ. ಆ 64ರ ಗಡಿ ದಾಟಿದರೆ ಎರಡು ಎಳೆತ ಬೇಕು; 4,096 ಬೈಟಿನ ಪುಟದ ಗಡಿ ದಾಟಿದರೆ ಇನ್ನೂ ದುಬಾರಿ. ಹಲವು ಸಂಖ್ಯೆಗಳನ್ನು ಒಟ್ಟಿಗೆ ಸಂಸ್ಕರಿಸಲು 1999ರ ಪೆಂಟಿಯಂ ತ್ರೀಯಲ್ಲಿ ಸೇರಿಸಿದ ಆಜ್ಞೆಗಳಲ್ಲಿ ಕೆಲವು 16ರಿಂದ ಭಾಗವಾಗದ ವಿಳಾಸವನ್ನು ಒಪ್ಪುವುದೇ ಇಲ್ಲ, ಪ್ರೋಗ್ರಾಂ ಅಲ್ಲೇ ಸಾಯುತ್ತದೆ.

ಇಲ್ಲಿ ಕಂಪೈಲರಿನ ಪಾತ್ರ ದೊಡ್ಡದು. ನಾವು ಸಿ ಭಾಷೆಯಲ್ಲಿ ಬರೆದದ್ದನ್ನು ಚಿಪ್ಪಿನ ಆಜ್ಞೆಗಳಾಗಿ ಬದಲಿಸುವ ಪ್ರೋಗ್ರಾಂ ಅದು. 15ನೇ ವಿಳಾಸವನ್ನು ಕೈಯಲ್ಲಿ ಹಿಡಿದು ‘ಇದು 4 ಬೈಟಿನ ಸಂಖ್ಯೆಯ ವಿಳಾಸ’ ಎಂದು ನಾವು ಹೇಳಿದರೆ, ಅದು ನಾಲ್ಕರಿಂದ ಭಾಗವಾಗಿಯೇ ಇರುತ್ತದೆ ಎಂದು ಕಂಪೈಲರ್ ನಮ್ಮ ಮಾತನ್ನು ನಂಬುತ್ತದೆ. ನಂಬಿ, ವೇಗಕ್ಕಾಗಿ ಮೇಲಿನ ಕಟ್ಟುನಿಟ್ಟಿನ ಆಜ್ಞೆಗಳನ್ನು ಬಳಸಬಹುದು. ವರ್ಷಗಟ್ಟಲೆ ಸರಿಯಾಗಿ ಓಡಿದ ಪ್ರೋಗ್ರಾಂ ಕಂಪೈಲರ್ ಹೊಸದಾದ ದಿನ ಅದೇ ಇಂಟೆಲ್ ಚಿಪ್ಪಿನ ಮೇಲೆ ಬೀಳುವುದು ಹೀಗೆ. ಸಿ ಭಾಷೆಯ ನಿಯಮಾವಳಿ ಇಂಥ ಓದಿನ ಫಲ ಏನಾಗುತ್ತದೆಂದು ಯಾವ ಖಾತರಿಯನ್ನೂ ಕೊಟ್ಟಿಲ್ಲ. ನಿಯಮ ಮುರಿದದ್ದು ಕಂಪೈಲರ್ ಅಲ್ಲ, ಬರೆದವರು.

ಹೊರಗಿನಿಂದ ಬರುವ ಬೈಟ್‌ಗಳು

ಪ್ರೋಗ್ರಾಂ ತನ್ನೊಳಗೆ ತಾನೇ ಇಟ್ಟುಕೊಳ್ಳುವ ಸಂಖ್ಯೆಗಳಿಗೆ ಈ ಕಾಟ ಬಹುಮಟ್ಟಿಗೆ ಇಲ್ಲ. ಒಂದು ಬೈಟಿನ ಅಕ್ಷರದ ಪಕ್ಕ 4 ಬೈಟಿನ ಸಂಖ್ಯೆ ಇಡಬೇಕಾದಾಗ ಕಂಪೈಲರ್ ನಡುವೆ ಮೂರು ಖಾನೆ ಖಾಲಿ ಬಿಟ್ಟು ಸಂಖ್ಯೆಯನ್ನು ಗಡಿಗೆ ತಂದು ಕೂರಿಸುತ್ತದೆ. ತೊಂದರೆ ಬರುವುದು ಬೇರೆಯವರು ಬರೆದಿಟ್ಟ ಬೈಟ್‌ಗಳನ್ನು ಓದುವಾಗ. ಅವರು ಖಾನೆ ಖಾಲಿ ಬಿಟ್ಟಿರುವುದಿಲ್ಲ.

ಬಿಎಂಪಿ ಎಂಬ ಹಳೆಯ ಚಿತ್ರಕಡತ ನೋಡಿ. ಮೊದಲೆರಡು ಬೈಟ್ ಬಿ, ಎಂ ಎಂಬ ಅಕ್ಷರಗಳು. ಅದಾದ ಕೂಡಲೇ, 2ನೇ ವಿಳಾಸದಿಂದ, ಕಡತದ ಗಾತ್ರ ಹೇಳುವ 4 ಬೈಟಿನ ಸಂಖ್ಯೆ. ಹುಟ್ಟಿನಿಂದಲೇ ಗಡಿ ತಪ್ಪಿದೆ. ಧಾರಾಳಿ ಇಂಟೆಲ್ ಚಿಪ್ಪುಗಳ ಲೋಕದಲ್ಲಿ ಬೆಳೆದ ಕಡತವಾದ್ದರಿಂದ ಅಲ್ಲಿ ಅದು ಯಾರಿಗೂ ತೊಡಕಾಗಲಿಲ್ಲ.

ಇಂಟರ್ನೆಟ್ಟಿನದೂ ಇದೇ ಕಥೆ. ಕಚೇರಿಯ ನೆಟ್‌ವರ್ಕ್ ಕೇಬಲಿನಲ್ಲಿ ಬರುವ ಪ್ರತಿ ಪೊಟ್ಟಣದ ತಲೆಬರಹ 14 ಬೈಟ್ ಉದ್ದ. ಅದರ ಹಿಂದೆಯೇ ‘ಎಲ್ಲಿಂದ ಬಂತು, ಎಲ್ಲಿಗೆ ಹೋಗಬೇಕು’ ಎಂಬ 4 ಬೈಟಿನ ವಿಳಾಸಗಳಿರುವ ಭಾಗ. 14ಕ್ಕೆ ಶೇಷ 2. ಕಟ್ಟುನಿಟ್ಟಿನ ಚಿಪ್ಪುಗಳ ಮೇಲೆ ಪ್ರತಿ ಪೊಟ್ಟಣಕ್ಕೂ ಜಗಳ. ಲಿನಕ್ಸ್ ಕಂಡುಕೊಂಡ ಉಪಾಯ ತುಂಬ ಚೊಕ್ಕಟ: ಪೊಟ್ಟಣವನ್ನು 0ಯಿಂದ ಇಳಿಸುವ ಬದಲು ಮೊದಲ ಎರಡು ಖಾನೆ ಖಾಲಿ ಬಿಟ್ಟು 2ರಿಂದ ಇಳಿಸುತ್ತದೆ. ಆಗ ಒಳಗಿನ ಭಾಗ 16ರಿಂದ ಶುರುವಾಗಿ ಗಡಿಗೆ ಬಂದು ಕೂರುತ್ತದೆ. ಎರಡು ಬೈಟ್ ಪೋಲಾಗಿ ಕೋಟ್ಯಂತರ ಗಡಿದಾಟು ಓದುಗಳು ತಪ್ಪುತ್ತವೆ. ಇಂಟೆಲ್ ಚಿಪ್ಪುಗಳ ಮೇಲೆ ಮಾತ್ರ ಆ ಎರಡು ಖಾನೆ ಬಿಡುವುದಿಲ್ಲ. ಅಲ್ಲಿ ಪೊಟ್ಟಣ ಇಳಿಸುವ ಕೆಲಸವೇ ಗಡಿ ತಪ್ಪಿದರೆ ಹೆಚ್ಚು ದುಬಾರಿ.

ಬೈಟ್ ಬೈಟಾಗಿ ಎತ್ತಿಕೊಳ್ಳಿ

ಹಾಗಾದರೆ ಎಲ್ಲ ಚಿಪ್ಪಿನ ಮೇಲೂ ಸರಿಯಾಗಿ ನಡೆಯುವ ಪ್ರೋಗ್ರಾಂ ಬರೆಯುವುದು ಹೇಗೆ? ದಾರಿ ಸರಳ, ಖರ್ಚಿಲ್ಲದ್ದು.

ಒಂಟಿ ಬೈಟ್ ಯಾವ ಡ್ರಾವರಿನಲ್ಲೂ ಗಡಿ ದಾಟುವುದಿಲ್ಲ. ಹಾಗಾಗಿ 15, 16, 17, 18ನೇ ಬೈಟ್‌ಗಳನ್ನು ಒಂದೊಂದಾಗಿ ಎತ್ತಿ, ಮೊದಲನೆಯದಕ್ಕೆ ಬಿಡಿಯ ಸ್ಥಾನ, ಎರಡನೆಯದಕ್ಕೆ 256ರ ಸ್ಥಾನ ಎಂದು ನಾವೇ ಕೊಟ್ಟು ಕೂಡಿದರೆ 60 ಗುಂಟೆ 60 ಗುಂಟೆಯಾಗಿಯೇ ಬರುತ್ತದೆ. ಸ್ಟ್ರಾಂಗ್‌ಆರ್ಮ್ ಇರಲಿ, ಸ್ಪಾರ್ಕ್ ಇರಲಿ, ಇಂಟೆಲ್ ಇರಲಿ. ಇನ್ನೊಂದು ಲಾಭವೂ ಇದೆ. ಕೆಲವು ಚಿಪ್ಪುಗಳು ಮೊದಲ ಬೈಟಿಗೇ ದೊಡ್ಡ ಸ್ಥಾನ ಕೊಡುತ್ತವೆ. ಸ್ಥಾನವನ್ನು ನಾವೇ ಹೇಳಿಬಿಟ್ಟರೆ ಆ ಗೊಂದಲವೂ ತೀರುತ್ತದೆ.

ಎರಡನೆಯ ದಾರಿ, ಸಿ ಭಾಷೆಯ ‘ಮೆಮ್‌ಕಾಪಿ’ ಬಳಸಿ ಆ ನಾಲ್ಕು ಬೈಟ್‌ಗಳನ್ನು ಗಡಿಗೆ ಕೂತ ಒಂದು ಸ್ವಂತ ಜಾಗಕ್ಕೆ ನಕಲು ಮಾಡಿಕೊಂಡು ಅಲ್ಲಿಂದ ಓದುವುದು. ಲಿನಕ್ಸ್‌ನ ಒಳಭಾಗದಲ್ಲಿ ಇದೇ ಕೆಲಸಕ್ಕೆ ಎಲ್ಲರೂ ಬಳಸುವಂತೆ ಸಿದ್ಧ ಸಾಧನಗಳನ್ನು ಇಟ್ಟಿದ್ದಾರೆ.

‘ಇಷ್ಟೆಲ್ಲ ಮಾಡಿದರೆ ನಿಧಾನವಾಗುವುದಿಲ್ಲವೇ’ ಎಂಬುದು ಬಹಳ ಮಂದಿಯ ಅಂಜಿಕೆ. ಆಗುವುದಿಲ್ಲ. ಇಂದಿನ ಕಂಪೈಲರುಗಳು ನಾಲ್ಕು ಬೈಟಿನ ಈ ನಕಲನ್ನು ಗುರುತಿಸುತ್ತವೆ. ಧಾರಾಳಿ ಚಿಪ್ಪಿಗಾದರೆ ಇಡೀ ಕೆಲಸವನ್ನು ಒಂದೇ ಓದಿನ ಆಜ್ಞೆಗೆ ಇಳಿಸುತ್ತವೆ, ಕಟ್ಟುನಿಟ್ಟಿನ ಚಿಪ್ಪಿಗಾದರೆ ಬೈಟ್ ಬೈಟಾಗಿ ಓದುವ ಆಜ್ಞೆ ಬರೆಯುತ್ತವೆ. ಯಾವ ಚಿಪ್ಪಿಗೆ ಯಾವುದು ತಕ್ಕುದು ಎಂಬುದು ಅವಕ್ಕೆ ನಮಗಿಂತ ಚೆನ್ನಾಗಿ ಗೊತ್ತು. ಚಿಪ್ಪಿನ ಹೆಸರು ಕೇಳಿ ಬೇರೆ ಬೇರೆ ದಾರಿ ಹಿಡಿಯುವ ಉದ್ದನೆಯ ಪ್ರೋಗ್ರಾಮುಗಳನ್ನು ನಾನು ಓದಿದ್ದೇನೆ. ಅಷ್ಟು ಶ್ರಮ ಅನಗತ್ಯ. ಬಳಕೆಯಲ್ಲಿರುವ ಚಿಪ್ಪುಗಳ ಪಟ್ಟಿ ಬೆಳೆದಂತೆಲ್ಲ ಅಂಥ ಪ್ರೋಗ್ರಾಂ ಹಳತಾಗುತ್ತದೆ.

ಕಾರ್ಯಾಚರಣ ವ್ಯವಸ್ಥೆ ಹಿಂದಿನಿಂದ ಸರಿಪಡಿಸಿಕೊಡುತ್ತದೆ ಎಂದು ನಂಬಿ ಕೂರುವುದನ್ನೂ ನಾನು ಒಪ್ಪಲಾರೆ. ಅದು ಹಳೆಯ ಪ್ರೋಗ್ರಾಮುಗಳನ್ನು ಉಳಿಸಿಕೊಳ್ಳಲು ಇರುವ ಏರ್ಪಾಡು. ವಿದ್ಯುತ್ ಮೀಟರಿನಂಥ ಸಣ್ಣ ಉಪಕರಣಗಳ ಚಿಪ್ಪಿಗೆ ಹಿಂದಿನಿಂದ ಕಾಯುವವರೇ ಇಲ್ಲದಿರಬಹುದು. 1969ರಲ್ಲಿ ಸ್ಥಾಪನೆಯಾಗಿ ತಾಲ್ಲೂಕಿನ ಹಳ್ಳಿಗಳಿಗೆ ಕರೆಂಟು ಹಂಚುತ್ತಿರುವ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಹುಕ್ಕೇರಿಯಲ್ಲಿದೆ. ಅಂಥ ಸಂಘವೊಂದರ ಪಾಲಿಗೆ ತಪ್ಪು ಓದುವ ಮೀಟರಿಗಿಂತ ಕೆಲಸ ನಿಲ್ಲಿಸುವ ಮೀಟರೇ ಮೇಲು, ಎರಡೂ ಆಗದಂತೆ ಬರೆದ ಪ್ರೋಗ್ರಾಂ ಅದಕ್ಕಿಂತ ಮೇಲು.

ಪರೀಕ್ಷೆಗೂ ಸಾಧನಗಳಿವೆ. ಜಿಸಿಸಿ ಮತ್ತು ಕ್ಲ್ಯಾಂಗ್ ಎಂಬ ಎರಡು ಉಚಿತ ಕಂಪೈಲರುಗಳಲ್ಲಿ ‘ಅಲೈನ್‌ಮೆಂಟ್ ಸ್ಯಾನಿಟೈಸರ್’ ಎಂಬ ಆಯ್ಕೆಯಿದೆ. ಅದನ್ನು ಹಾಕಿ ಪ್ರೋಗ್ರಾಂ ಓಡಿಸಿದರೆ ಧಾರಾಳಿ ಇಂಟೆಲ್ ಯಂತ್ರದ ಮೇಲೂ ಪ್ರತಿ ಗಡಿದಾಟು ಓದು ಯಾವ ಸಾಲಿನಲ್ಲಿ ನಡೆಯಿತು ಎಂದು ಬರೆದು ತೋರಿಸುತ್ತದೆ. ಬೇರೆ ಚಿಪ್ಪಿನ ಯಂತ್ರ ಕೊಳ್ಳುವ ಅಗತ್ಯವಿಲ್ಲ, ಇರುವ ಲ್ಯಾಪ್‌ಟಾಪ್ ಸಾಕು.

ಹುಕ್ಕೇರಿ ತಾಲ್ಲೂಕಿನ ನಿಡಸೋಶಿಯಲ್ಲಿ ಎಂಜಿನಿಯರಿಂಗ್ ಕಾಲೇಜಿದೆ. ಅಲ್ಲಿಯ ಮತ್ತು ಸುತ್ತಲ ಊರುಗಳ ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ. ಮುಂದಿನ ಸಲ ನಿಮ್ಮ ಪ್ರೋಗ್ರಾಮನ್ನು ಪರೀಕ್ಷಿಸುವಾಗ ‘ಟೆಸ್ಟ್’ ಎಂಬ ನಾಲ್ಕಕ್ಷರ ಬಿಡಿ. ನಿಮ್ಮ ಊರಿನ ಹೆಸರನ್ನು ಕನ್ನಡದಲ್ಲೇ ಹಾಕಿ, ಅಕ್ಕಪಕ್ಕದ ಊರುಗಳನ್ನೂ ಸೇರಿಸಿ, ಸ್ಯಾನಿಟೈಸರ್ ಹಾಕಿ ಓಡಿಸಿ ನೋಡಿ.